ಠಾಣೆಯ ಪುಸ್ತಕದಲ್ಲಿ ನಮ್ಮ ಹೆಸರು

ಕುಂಚಾವರಂ ಕಾಡಿನ ಅಂಚಿಗೆ ಒಂದು ತಾಂಡಾ. ತಾಂಡಾದ ಹೆಸರು ಬೇಡ, ಠಾಣೆಯ ಹೆಸರೂ ಬೇಡ. ಒಬ್ಬ ಹುಡುಗನನ್ನು ಮಂಗಳವಾರ ಸಂಜೆ ಜೀಪಿನಲ್ಲಿ ಹಾಕಿಕೊಂಡು ಹೋದರು. ಬುಧವಾರ ಮುಂಜಾನೆ ಅವನ ತಾಯಿ ಠಾಣೆಯ ಬಾಗಿಲಿಗೆ ಹೋಗಿ ನಿಂತಳು. ರೈಟರ್ ಒಂದು ದಪ್ಪ ಪುಸ್ತಕ ತೆಗೆದ. ಬೆರಳಿಗೆ ಉಗುಳು ಹಚ್ಚಿ ನಾಲ್ಕು ಹಾಳೆ ತಿರುವಿದ. ಮುಚ್ಚಿದ. “ನಮ್ಮ ಪುಸ್ತಕದಾಗ ಅವನ ಹೆಸರ ಇಲ್ಲ. ಮನಿಗಿ ಹೋಗು.” ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿತು. ಹೆತ್ತವಳಿಗೆ ಮಗನ ಕೆಮ್ಮು ಗೊತ್ತಾಗುವುದಿಲ್ಲವೆ? ಪುಸ್ತಕದಲ್ಲಿ ಇಲ್ಲದ ಮಗ ಗೋಡೆಯ ಆಚೆಗೆ ಕೆಮ್ಮುತ್ತಿದ್ದ.

ಗುರುವಾರ ಮುಂಜಾನೆ ಅವಳನ್ನು ಕರೆಸಿ ಒಂದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದರಲ್ಲಿ ಏನು ಬರೆದಿತ್ತೆಂದು ಯಾರೂ ಓದಿ ಹೇಳಲಿಲ್ಲ. ಅಂದೇ ಮಧ್ಯಾಹ್ನ ಹುಡುಗನನ್ನು ಕೋರ್ಟಿನ ಮುಂದೆ ನಿಲ್ಲಿಸಿದರು. ಪೊಲೀಸರ ಕಾಗದ ಹೇಳಿತು: ಆರೋಪಿಯನ್ನು ಗುರುವಾರ ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರ ದಸ್ತಗಿರಿ ಮಾಡಲಾಗಿದೆ. ಹಾಗಾದರೆ ಮಂಗಳವಾರ ಸಂಜೆಯಿಂದ ಗುರುವಾರ ಬೆಳಗಿನ ತನಕ ಆ ಹುಡುಗ ಎಲ್ಲಿದ್ದ? ಸರ್ಕಾರದ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ. ಆದರೆ ಆ ಎರಡು ರಾತ್ರಿಯ ಗುರುತು ಅವನ ಅಂಗಾಲಿನಲ್ಲಿ ಇತ್ತು.

ಹನ್ನೊಂದು ದಿನದ ಮೇಲೆ ಜಾಮೀನು ಸಿಕ್ಕಿತು. ನಾವು ನಾಲ್ಕೈದು ಮಂದಿ ಗೆಳೆಯರು ತಾಂಡಾಕ್ಕೆ ಹೋದೆವು. ನಮ್ಮಲ್ಲಿ ಸಿಟ್ಟಿತ್ತು, ಕಾನೂನಿನ ಪುಸ್ತಕವೂ ಇತ್ತು. ಠಾಣೆಯ ದಿನಚರಿ ಕೇಳೋಣ, ದಸ್ತಗಿರಿ ಮೆಮೊ ಕೇಳೋಣ, ವೈದ್ಯರ ಚೀಟಿ ಕೇಳೋಣ, ಕ್ಯಾಮೆರಾದ ಚಿತ್ರ ಕೇಳೋಣ, ಸುಳ್ಳನ್ನು ಅವರದೇ ಅಕ್ಷರದಲ್ಲಿ ಹಿಡಿಯೋಣ ಎಂದು ಒಂದೇ ಉಸಿರಿಗೆ ಹೇಳಿದೆವು. ತಾಯಿ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರ ಕೆಳಗಿಟ್ಟು ಕೇಳಿದಳು: “ಬರದದ್ದು ಅಳಸಲಿಕ್ಕಿ ಹೊಂಟೀರೇನ್ರಿ? ಅಳಸೋದಾದ್ರ ಹೋಗ್ರಿ. ಇನ್ನಷ್ಟು ಬರಸಾದಾದ್ರ ಬ್ಯಾಡ.”

ನಮ್ಮ ಬಾಯಿ ಕಟ್ಟಿಹೋಯಿತು. ಅಂದಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ನಮ್ಮವರ ಹೆಸರು ಠಾಣೆಯ ಪುಸ್ತಕದಲ್ಲಿ ಇರಬೇಕೋ, ಇರಬಾರದೋ? ಇದ್ದರೆ ಅದು ಯಾರ ಸ್ವತ್ತು? ಅದನ್ನು ಹುಡುಕಿ ತೆಗೆಯುವ ಹಕ್ಕು ಯಾರಿಗಿದೆ?

ಆ ತಾಯಿಯ ಅಂಜಿಕೆಯನ್ನು ಅಜ್ಞಾನ ಎನ್ನುವವರು ನಮ್ಮಲ್ಲೂ ಇದ್ದಾರೆ. ಓದಿದವರಿಗೆ ಹಾಗನ್ನುವುದು ಸುಲಭ. ಆದರೆ ಅವಳ ಅಂಜಿಕೆಗೆ ನೂರೈವತ್ತು ವರ್ಷದ ಚರಿತ್ರೆ ಇದೆ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಆ ಕಾಯ್ದೆಯ ಮೊದಲ ಕೆಲಸವೇ ಪುಸ್ತಕ ತೆರೆಯುವುದು. ಒಂದು ಕುಲದಲ್ಲಿ ಹುಟ್ಟಿದವರ ಹೆಸರನ್ನೆಲ್ಲ ಬರೆದುಕೊಳ್ಳುವುದು, ಹಾಜರಿ ಕೂಗುವುದು, ಊರು ಬಿಟ್ಟು ಹೋಗಲು ಚೀಟಿ ಕೊಡುವುದು. ಕಳ್ಳತನ ಮಾಡಿದ್ದಕ್ಕೆ ಹೆಸರು ಬರೆದದ್ದಲ್ಲ. ಹೆಸರು ಬರೆದಿದೆ ಎನ್ನುವ ಕಾರಣಕ್ಕೇ ಕಳ್ಳನಾದದ್ದು. ಎತ್ತಿನ ಮೇಲೆ ಉಪ್ಪು, ಕಾಳು ಹೇರಿಕೊಂಡು ಇಡೀ ದಖ್ಖನ್ನಿಗೆ ಉಣಿಸಿದ ಲಂಬಾಣಿಗರ ವ್ಯಾಪಾರವನ್ನು ರೈಲು, ರಸ್ತೆ ಕಿತ್ತುಕೊಂಡವು. ಆಮೇಲೆ ಅಲೆದಾಟವೇ ಅಪರಾಧವಾಯಿತು. ನಮ್ಮ ಸೀಮೆ ಆಗ ನಿಜಾಮರದು. ಸಂಸ್ಥಾನವೂ ಅದೇ ಹಾದಿ ಹಿಡಿಯಿತು. ಲಂಬಾಣಿಗರನ್ನು ನಿಜಾಮರ ಆಡಳಿತ ಹೇಗೆ ಹಣಿಯಿತೆಂದು ತಿಳಿಯಬೇಕಾದವರು ಭಂಗ್ಯಾ ಭೂಕ್ಯಾ ಅವರು 2010ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವನ್ನು ನೋಡಬೇಕು. ಅವರೂ ಲಂಬಾಣಿ ಸಮುದಾಯದವರೇ ಎನ್ನುವುದು ನಮಗೆ ಹೆಮ್ಮೆ.

1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ಸತ್ತಿತು. ಪುಸ್ತಕ ಸಾಯಲಿಲ್ಲ. ರೂಢಿಗತ ಅಪರಾಧಿಗಳ ಕಾಯ್ದೆ ಎಂಬ ಹೊಸ ಹೆಸರಿನಲ್ಲಿ ರಾಜ್ಯ ರಾಜ್ಯಗಳಲ್ಲಿ ಮರುಹುಟ್ಟು ಪಡೆಯಿತು. ನಮ್ಮ ರಾಜ್ಯದ್ದು 1961ರದು. ಅದರ ಪಕ್ಕಕ್ಕೆ ರೌಡಿ ಪಟ್ಟಿ, ಹಿಸ್ಟರಿ ಶೀಟು. 2024ರ ಮೇ ತಿಂಗಳಲ್ಲಿ ಅಮಾನತುಲ್ಲಾ ಖಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು: ಹಿಂದುಳಿದ, ದಮನಿತ ಸಮುದಾಯಗಳ ನಿರಪರಾಧಿಗಳ ಹೆಸರನ್ನು ಯಾಂತ್ರಿಕವಾಗಿ ಹಿಸ್ಟರಿ ಶೀಟಿಗೆ ಏರಿಸಬಾರದು ಎಂದು. ಹೇಳಬೇಕಾಯಿತು ಅಂದರೆ ಏರಿಸುತ್ತಿದ್ದರು ಎಂದೇ ಅರ್ಥ. ಇದೆಲ್ಲ ಆ ತಾಯಿಗೆ ಗೊತ್ತಿಲ್ಲ. ಅವಳಿಗೆ ಗೊತ್ತಿರುವುದು ಇಷ್ಟು: ಊರಲ್ಲಿ ಏನಾದರೂ ಕಳುವಾದರೆ ಜೀಪು ಮೊದಲು ತಾಂಡಾಕ್ಕೆ ಬರುತ್ತದೆ. ಯಾಕೆ ಬರುತ್ತದೆಂದರೆ ಪುಸ್ತಕದಲ್ಲಿ ಹೆಸರಿದೆ.

ಹಾಗಾದರೆ ಬರೆಯದೆ ಬಿಟ್ಟರೆ ಒಳ್ಳೆಯದೆ? ಇಲ್ಲಿ ನಮಗೆ ಕೇರಳದ ಒಬ್ಬ ತಂದೆ ನೆನಪಾಗುತ್ತಾರೆ. 1976ರ ಮಾರ್ಚ್ 1ರಂದು, ತುರ್ತುಪರಿಸ್ಥಿತಿಯ ಕಾಲದಲ್ಲಿ, ಕಲ್ಲಿಕೋಟೆಯ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್‌ನನ್ನು ಪೊಲೀಸರು ಒಯ್ದರು. ತಂದೆ ಈಚರ ವಾರಿಯರ್ ಹಿಂದಿ ಮೇಷ್ಟ್ರು. ಕಚೇರಿಯಿಂದ ಕಚೇರಿಗೆ ಅಲೆದರು. 1977ರಲ್ಲಿ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದಾಗ ಸರ್ಕಾರ ಏನು ಹೇಳಿತು? ಅವನನ್ನು ಬಂಧಿಸಿಯೇ ಇಲ್ಲ ಎಂದಿತು. ಆಮೇಲೆ ಸುಳ್ಳು ಒಡೆದು, ತುರ್ತುಪರಿಸ್ಥಿತಿಯಲ್ಲಿ ಗೃಹಮಂತ್ರಿಯಾಗಿದ್ದು ಆಗಷ್ಟೇ ಮುಖ್ಯಮಂತ್ರಿಯಾಗಿದ್ದ ಕರುಣಾಕರನ್ ಕುರ್ಚಿ ಬಿಡಬೇಕಾಯಿತು. ಮಗನ ಹೆಣ ಮಾತ್ರ ತಂದೆಗೆ ಕೊನೆಗೂ ಸಿಗಲಿಲ್ಲ. ಪುಸ್ತಕದಲ್ಲಿ ಹೆಸರಿಲ್ಲದವನನ್ನು ಕೊಂದರೆ ಕೊಲೆಯೂ ಅಲ್ಲ.

ಪಂಜಾಬಿನದು ಇನ್ನೂ ಘೋರ. ಅಲ್ಲಿ ಜಸ್ವಂತ್ ಸಿಂಗ್ ಖಾಲ್ರಾ ಎಂಬ ಬ್ಯಾಂಕಿನ ಮನುಷ್ಯ ಕಾಣೆಯಾದ ಹುಡುಗರನ್ನು ಹುಡುಕಲು ಹೊರಟರು. ಠಾಣೆಯ ಪುಸ್ತಕಗಳಲ್ಲಿ ಸುಳಿವಿಲ್ಲ. ಅವರು ಸ್ಮಶಾನಕ್ಕೆ ಹೋದರು. ಪೊಲೀಸರು ‘ಗುರುತು ಸಿಗದ ಹೆಣ’ಗಳನ್ನು ಸುಡಲು ಸೌದೆ ಪಡೆದ ಲೆಕ್ಕ ಅಲ್ಲಿನ ಪುಸ್ತಕದಲ್ಲಿತ್ತು. ಕೊಂದವರು ಎಲ್ಲವನ್ನೂ ಬಚ್ಚಿಟ್ಟಿದ್ದರು, ಸೌದೆಯ ಲೆಕ್ಕವನ್ನು ಮರೆತಿದ್ದರು. 1995ರ ಸೆಪ್ಟೆಂಬರ್ 6ರಂದು ಖಾಲ್ರಾರನ್ನೇ ಹೊತ್ತೊಯ್ದರು. ಆಮೇಲೆ ಸಿಬಿಐ ಎಣಿಸಿದಾಗ ಅಮೃತಸರ ಸೀಮೆಯೊಂದರಲ್ಲೇ ಅಂಥ ದಹನಗಳು 2,097.

ಹೀಗೆ ಎರಡೂ ಕಡೆ ನಮಗೆ ಬೆಂಕಿ. ಬರೆದರೆ ಕಳ್ಳರಾಗುತ್ತೇವೆ, ಬರೆಯದಿದ್ದರೆ ಕಾಣೆಯಾಗುತ್ತೇವೆ. ಯಾವಾಗ ಬರೆಯಬೇಕು, ಯಾವಾಗ ಬರೆಯಬಾರದು ಎಂದು ಗೊತ್ತು ಮಾಡುವ ಅಧಿಕಾರ ಪೆನ್ನು ಹಿಡಿದವನ ಕೈಯಲ್ಲಿದೆ. ನಮ್ಮ ಜಗಳ ಇರಬೇಕಾದ್ದು ಆ ಅಧಿಕಾರದ ಜೊತೆ.

ನಮಗೆ ಒಂದು ವಿಷಯ ನಿಧಾನವಾಗಿ ಹೊಳೆಯಿತು. ದಸ್ತಗಿರಿಯ ದಾಖಲೆ ಎಂದರೆ ಹಿಡಿಸಿಕೊಂಡವನ ಜಾತಕ ಎಂದು ಎಲ್ಲರೂ ತಿಳಿದಿದ್ದಾರೆ. ಪೊಲೀಸರು ಹಾಗೆ ತಿಳಿದಿದ್ದಾರೆ, ಊರ ಗೌಡ ಹಾಗೆ ತಿಳಿದಿದ್ದಾನೆ, ಕೊನೆಗೆ ಹಿಡಿಸಿಕೊಂಡವನೂ ಹಾಗೇ ತಿಳಿದು ತಲೆ ತಗ್ಗಿಸುತ್ತಾನೆ. ಆದರೆ ಸಂವಿಧಾನದ 22ನೇ ಅನುಚ್ಛೇದವನ್ನು ಓದಿ ನೋಡಿ. ಕಾರಣ ಹೇಳಬೇಕಾದವನು ಹಿಡಿದವನು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕಾದವನು ಹಿಡಿದವನು. ಅಂದರೆ ಅದು ಹಿಡಿದವನ ದಾಖಲೆ. ಇಂಥ ದಿನ, ಇಂಥ ಗಳಿಗೆಯಲ್ಲಿ, ಇಂಥ ಅಧಿಕಾರಿಯಾದ ನಾನು ಈ ಮನುಷ್ಯನ ಮೈಮೇಲೆ ಕೈ ಇಟ್ಟಿದ್ದೇನೆ, ಇವನ ಜೀವಕ್ಕೆ ಇನ್ನು ನಾನು ಜವಾಬು ಎಂದು ಸರ್ಕಾರ ತಾನೇ ಬರೆದುಕೊಟ್ಟ ಮುಚ್ಚಳಿಕೆ. (ನಮ್ಮ ಠಾಣೆಗಳ ಕನ್ನಡದಲ್ಲಿ ಬಂಧನಕ್ಕೆ ದಸ್ತಗಿರಿ ಎಂದೇ ಹೆಸರು. ಫಾರಸಿ ಮಾತು, ಕೈ ಹಿಡಿಯುವುದು ಎಂದರ್ಥ. ಬಿದ್ದವನ ಕೈ ಹಿಡಿದು ಎತ್ತುವವನೂ ದಸ್ತಗೀರನೇ. ಕಲಬುರಗಿ ಕಡೆ ಮಕ್ಕಳಿಗೆ ಆ ಹೆಸರಿಡುತ್ತಾರೆ. ಕೈ ಹಿಡಿದ ಮೇಲೆ ಹೊಣೆ ಹೊರಬೇಕು ಎನ್ನುವುದು ಮಾತಿನಲ್ಲಿಯೇ ಇದೆ, ಠಾಣೆಯಲ್ಲಿ ಇಲ್ಲ.)

ಈ ಮುಚ್ಚಳಿಕೆಯನ್ನು ಯಾರೂ ಪುಕ್ಕಟೆ ಕೊಟ್ಟದ್ದಲ್ಲ. 1986ರ ಆಗಸ್ಟಿನಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವಿನ ಸಂಸ್ಥೆಯೊಂದರ ಡಿ. ಕೆ. ಬಸು ಎಂಬುವರು, ಲಾಕಪ್ಪಿನ ಸಾವುಗಳ ಪತ್ರಿಕಾ ಸುದ್ದಿ ಓದಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಪತ್ರವೇ ಅರ್ಜಿಯಾಯಿತು. ಹತ್ತು ವರ್ಷದ ಮೇಲೆ, 1996ರ ಡಿಸೆಂಬರಿನಲ್ಲಿ, ತೀರ್ಪು ಬಂತು: ಹಿಡಿಯುವಾಗ ಮೆಮೊ ಬರೆಯಬೇಕು, ದಿನ ಗಂಟೆ ಹಾಕಬೇಕು, ಸಾಕ್ಷಿ ಸಹಿ ಬೇಕು, ಮನೆಯವರಿಗೆ ತಿಳಿಸಬೇಕು, ದಿನಚರಿಯಲ್ಲಿ ಬರೆಯಬೇಕು. ಆಮೇಲೆ ಇವು ಶಾಸನದೊಳಗೆ ಬಂದವು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹೆಸರು ಬಾಯಲ್ಲಿ ತಿರುಗುವುದಿಲ್ಲ, ಆದರೂ ಅದರ 36, 37, 47, 48, 58ನೇ ಕಲಂಗಳನ್ನು ನಮ್ಮ ಹಳ್ಳಿ ಮೇಷ್ಟ್ರುಗಳು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಳ್ಳಬೇಕು.

36ರ ಪ್ರಕಾರ ಮೆಮೊಕ್ಕೆ ಮನೆಯವರೊಬ್ಬರು ಇಲ್ಲವೆ ಆ ಜಾಗದ ಒಬ್ಬ ‘ಗೌರವಾನ್ವಿತ’ ವ್ಯಕ್ತಿ ಸಾಕ್ಷಿ ಹಾಕಬೇಕು, ಹಿಡಿಸಿಕೊಂಡವನೂ ಸಹಿ ಮಾಡಬೇಕು. ಗೌರವಾನ್ವಿತ! ನಮ್ಮೂರುಗಳಲ್ಲಿ ಗೌರವಾನ್ವಿತ ಯಾರು? ಫಿರ್ಯಾದು ಕೊಡಿಸಿದ ಗೌಡನೇ ಅಲ್ಲವೆ? ಆದ್ದರಿಂದ ಮನೆಯವರನ್ನೇ ಕರೆಯಿರಿ ಎಂದು ಪಟ್ಟು ಹಿಡಿಯಬೇಕು. 47 ಮತ್ತು 48, ಹಿಡಿದ ಕಾರಣವನ್ನು ಅವನಿಗೂ ಅವನು ಹೇಳಿದವರಿಗೂ ತಿಳಿಸುವ ಮಾತು. 2025ರ ನವೆಂಬರ್ 6ರಂದು ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಬಿಗಿ ಮಾಡಿದೆ: ಯಾವ ಅಪರಾಧವೇ ಇರಲಿ, ಕಾರಣವನ್ನು ಬರಹದಲ್ಲಿ, ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಕುಂಚಾವರಂ ಕಡೆ ಈ ಮಾತಿನ ತೂಕ ಬೇರೆ. ಅಲ್ಲಿ ಮನೆಯಲ್ಲಿ ಲಂಬಾಣಿ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಲಂಬಾಣಿಗೆ ತನ್ನದೇ ಲಿಪಿ ಇಲ್ಲ. ಅಂಥವನಿಗೆ ಬರಹದಲ್ಲಿ ಅರ್ಥವಾಗುವಂತೆ ಕೊಡುವುದೆಂದರೆ ಓದಿ ಹೇಳಿ ಕೊಡುವುದು. ಇಲ್ಲದಿದ್ದರೆ ಕೊಟ್ಟ ಹಾಗಲ್ಲ ಎಂದು ನಾವು ವಾದಿಸಬೇಕು.

37ನೇ ಕಲಂ ವಿಚಿತ್ರವಾದದ್ದು. ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಇರಬೇಕು. ಹಿಡಿದವರ ಹೆಸರು, ವಿಳಾಸ, ಆರೋಪವನ್ನು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಬೇಕು. ಮಗ ಎಲ್ಲಿದ್ದಾನೆ ಎಂದು ತಾಯಿಗೆ ತಿಳಿಯಲಿ ಎಂದು ಆ ಹಲಗೆ. ಆದರೆ ತಾಯಿಗೆ ಓದು ಬರುವುದಿಲ್ಲ. ಓದು ಬರುವ ಸಾಹುಕಾರ ಓದುತ್ತಾನೆ, ಸಿಮೆಂಟ್ ಕಾರ್ಖಾನೆಗೆ ಆಳು ಒದಗಿಸುವ ಗುತ್ತೇದಾರ ಓದುತ್ತಾನೆ. ಅವಳ ಸಲುವಾಗಿ ಬರೆದದ್ದು ಅವಳನ್ನು ಬಿಟ್ಟು ಉಳಿದೆಲ್ಲರಿಗೂ ದಕ್ಕುತ್ತದೆ. ಹಲಗೆ ಬೇಡವೆ? ಬೇಕು. ಕೆಮ್ಮು ಕೇಳಿಸಿದ ಆ ಬುಧವಾರ ಅಂಥ ಹಲಗೆಯ ಮೇಲೆ ಅವನ ಹೆಸರಿದ್ದಿದ್ದರೆ ಅಂಗಾಲು ಉಳಿಯುತ್ತಿತ್ತು. ಆದರೆ ಅದನ್ನು ದಿನಾ ಹೋಗಿ ಓದಿ ಬಂದು ತಾಂಡಾಕ್ಕೆ, ಕೇರಿಗೆ ಹೇಳುವವರು ಬೇಕು. ಎರಡಕ್ಷರ ಕಲಿತ ನಾವು ಇದನ್ನಾದರೂ ಮಾಡದಿದ್ದರೆ ನಮ್ಮ ಡಿಗ್ರಿಗೆ ಏನು ಬೆಲೆ?

ಇನ್ನು ಠಾಣೆಯೊಳಗೆ ಮಾತ್ರ ಹುಡುಕುವವರು ಮೋಸ ಹೋಗುತ್ತಾರೆ. ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ಕಟ್ಟಿಗೆಗೋ ಜೇನಿಗೋ ಹೋದವನನ್ನು ಅರಣ್ಯದವರು ಹಿಡಿದರೆ ಅದು ವಲಯ ಅರಣ್ಯ ಕಚೇರಿಯ ಪುಸ್ತಕ. ಕಂಟ್ರಿ ಸಾರಾಯಿ ಎಂದು ಹಿಡಿದರೆ ಅಬಕಾರಿಯವರ ಪುಸ್ತಕ. ವಾಡಿಯಲ್ಲಿ ರೈಲು ಬದಲಿಸುವಾಗ ಹಿಡಿದರೆ ರೈಲ್ವೆ ಪೊಲೀಸರದು. ಗಡಿ ದಾಟಿ ಬಂದ ತೆಲಂಗಾಣದ ಪೊಲೀಸರು ಒಯ್ದರೆ ತಾಂಡೂರಿಗೋ ಜಹೀರಾಬಾದಿಗೋ ಹೋಗಿ ಕೇಳಬೇಕು. ಅಲ್ಲಿ ಇನ್ನೊಂದು ತಮಾಷೆ: 1976ರ ತಿದ್ದುಪಡಿಯಿಂದಾಗಿ ಲಂಬಾಣಿ ಗಡಿಯ ಈಚೆ ಪರಿಶಿಷ್ಟ ಜಾತಿ, ಆಚೆ ಪರಿಶಿಷ್ಟ ಪಂಗಡ. ಒಬ್ಬನೇ ಮನುಷ್ಯ ಎರಡು ಪುಸ್ತಕದಲ್ಲಿ ಎರಡು. ಹೊಡೆತ ಮಾತ್ರ ಎರಡೂ ಕಡೆ ಒಂದೇ.

ಠಾಣೆಯ ಹೊರಗೂ ಕಾಗದ ಹೋಗುತ್ತದೆ ಎನ್ನುವುದನ್ನು ನೆನಪಿಡಬೇಕು. ವಾರಂಟ್ ಇಲ್ಲದೆ ಹಿಡಿದವರ ವರದಿಯನ್ನು 59ನೇ ಕಲಮಿನಂತೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅವರು ಹೇಳಿದರೆ ಉಪವಿಭಾಗದ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ನಮ್ಮ ಕಡೆಗೆ ಅದು ಕಲಬುರಗಿ ಡಿಸಿ ಕಚೇರಿ ಅಥವಾ ಸೇಡಂನ ಉಪವಿಭಾಗಾಧಿಕಾರಿ. ರಿಮಾಂಡಿನ ಅರ್ಜಿ, ಮೆಮೊ, ವೈದ್ಯರ ಚೀಟಿ ಕೋರ್ಟಿನ ಕಡತದಲ್ಲಿ ಕೂತಿರುತ್ತವೆ. ನಕಲು ಅರ್ಜಿ ಹಾಕಿದರೆ ಆರೋಪಿಗೆ ಸಿಗುತ್ತವೆ. ಜೈಲಿನಲ್ಲಿ ಒಳಗೆ ಬಂದ ದಿನದ ಲೆಕ್ಕ ಇರುತ್ತದೆ, ಮೈಮೇಲಿನ ಗಾಯದ ಲೆಕ್ಕವೂ. ಒಂದು ಕಡೆ ತಿದ್ದಿದವನು ನಾಲ್ಕು ಕಡೆ ತಿದ್ದಲಾರ. ಸೌದೆಯ ಲೆಕ್ಕ ಮರೆತವರ ಕಥೆ ಮೇಲೆ ಹೇಳಿದ್ದೇವೆ. ಪ್ರಥಮ ವರ್ತಮಾನ ವರದಿಯನ್ನು 24 ಗಂಟೆಯೊಳಗೆ ಇಲಾಖೆಯ ಜಾಲತಾಣಕ್ಕೆ ಹಾಕಬೇಕೆಂದು 2016ರ ಸೆಪ್ಟೆಂಬರ್ 7ರ ತೀರ್ಪಿದೆ, ದೂರದ ಜಾಗಗಳಿಗೆ 72 ಗಂಟೆ ತನಕ ರಿಯಾಯಿತಿ, ಲೈಂಗಿಕ ಅಪರಾಧ ಮುಂತಾದವಕ್ಕೆ ವಿನಾಯಿತಿ. ಠಾಣೆಯ ಕ್ಯಾಮೆರಾದ ಚಿತ್ರಗಳನ್ನು 18 ತಿಂಗಳು, ಆಗದಿದ್ದರೆ ಒಂದು ವರ್ಷವಾದರೂ ಉಳಿಸಬೇಕೆಂದು 2020ರ ಡಿಸೆಂಬರ್ 2ರ ತೀರ್ಪಿದೆ. ತಡಮಾಡಿದರೆ ಅಳಿಸಿಹೋಗುತ್ತದೆ, ಅದಕ್ಕೇ ಅವರು ನಮ್ಮನ್ನು ಅಲೆಸುತ್ತಾರೆ. ಇವನ್ನೆಲ್ಲ ಕೇಳಲು ವಕೀಲರಿಗೆ ಕೊಡುವ ದುಡ್ಡಿಲ್ಲ ಅನ್ನಬೇಡಿ. ಬಂಧನದಲ್ಲಿರುವವರಿಗೆ, ಪರಿಶಿಷ್ಟರಿಗೆ, ಹೆಂಗಸರಿಗೆ ಆದಾಯ ನೋಡದೆ ಪುಕ್ಕಟೆ ವಕೀಲರನ್ನು ಕೊಡುವ ಕಾಯ್ದೆ 1987ರದು ಇದೆ. ತಾಲೂಕು ಕೋರ್ಟಿನಲ್ಲೇ ಅದರ ಸಮಿತಿ ಕೂಡುತ್ತದೆ.

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಮಾತು ನೂರೈವತ್ತರ ಒಳಗೆ. ಕವಿತೆ ಬರೆಯುವ ನಮಗೆ ಇದು ಒಳ್ಳೆಯ ಪಾಠ: ಸಿಟ್ಟನ್ನು ಬಿಟ್ಟು ದಿನಾಂಕವನ್ನು ಬರೆಯಬೇಕು. ಯಾಕೆ ಬೇಕು ಎಂದು ಹೇಳಬೇಕಾಗಿಲ್ಲ. ತಪ್ಪು ಕಚೇರಿಗೆ ಕೊಟ್ಟರೆ ಐದು ದಿನದೊಳಗೆ ಸರಿಯಾದ ಕಚೇರಿಗೆ ಅವರೇ ಕಳಿಸಬೇಕು. ಉತ್ತರಕ್ಕೆ 30 ದಿನ. ಜೀವ, ಸ್ವಾತಂತ್ರ್ಯದ ಮಾತಾದರೆ 48 ಗಂಟೆ. ಇವತ್ತು ಒಳಗಿರುವ ಮನುಷ್ಯನ ವಿಷಯ ಕೇಳುವಾಗ ಆ 48 ಗಂಟೆಯ ಮಾತನ್ನು ಅರ್ಜಿಯ ನೆತ್ತಿಯ ಮೇಲೆ ಬರೆಯಬೇಕು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅಧಿಕಾರಿಯೇ ಬರೆದುಕೊಳ್ಳಲು ನೆರವಾಗಬೇಕೆಂದು 6ನೇ ಕಲಂ ಹೇಳುತ್ತದೆ. ಈ ಮಾತನ್ನು ಓದಿದಾಗ ನಮಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಯಾವ ಕಚೇರಿಯ ಗೋಡೆಯ ಮೇಲೂ ಇದನ್ನು ಬರೆದದ್ದು ನಾವು ಕಂಡಿಲ್ಲ. ‘ತನಿಖೆಗೆ ಅಡ್ಡಿ’ ಎಂದು 8(1)(ಎಚ್) ತೋರಿಸಿ ವಾಪಸು ಕಳಿಸುವುದು ಮಾಮೂಲು. ತನಿಖೆ ನಡೆದಿದೆ ಎಂದ ಮಾತ್ರಕ್ಕೆ ಇಲ್ಲ ಅನ್ನುವಂತಿಲ್ಲ, ಹೇಗೆ ಅಡ್ಡಿಯಾಗುತ್ತದೆಂದು ತೋರಿಸಬೇಕು ಎಂದು 2007ರಲ್ಲಿ ದೆಹಲಿ ಹೈಕೋರ್ಟು ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. (ಬೇರೆ ಭಗತ್ ಸಿಂಗ್. ಆದರೂ ಅರ್ಜಿಯಲ್ಲಿ ಆ ಹೆಸರು ಬರೆಯುವಾಗ ಕೈಗೆ ಬಲ ಬರುತ್ತದೆ.) ತನಿಖಾಧಿಕಾರಿಯ ಕೇಸ್ ಡೈರಿ ಮಾತ್ರ ಆರೋಪಿಗೂ ಸಿಗುವುದಿಲ್ಲ, ಅದರ ಹಿಂದೆ ಬಿದ್ದು ದಿನ ಕಳೆಯಬಾರದು.

ದಾರಿ ಇಷ್ಟು. ಈಗ ಮೊದಲಿನ ಪ್ರಶ್ನೆಗೆ ಬರಬೇಕು. ದಾರಿ ಇದೆ ಎಂದ ಮೇಲೆ ಯಾರ ಹೆಸರು ಹಿಡಿದು ನಡೆಯಬೇಕು?

ನಮ್ಮ ಗೆಳೆಯನೊಬ್ಬನ ವಾದ ಹೀಗಿದೆ: “ಐದು ವರ್ಷದ ದಸ್ತಗಿರಿ ಪುಸ್ತಕ ತೆಗೆಸೋಣ. ಹೆಸರು, ಜಾತಿ, ಊರು ಎಲ್ಲ ಅಚ್ಚು ಹಾಕೋಣ. ಯಾರನ್ನು ಹಿಡಿಯುತ್ತಾರೆ ಎನ್ನುವುದು ಜಗತ್ತಿಗೆ ಗೊತ್ತಾಗಲಿ. ಒಬ್ಬೊಬ್ಬರ ಅಪ್ಪಣೆ ಕೇಳುತ್ತ ಕೂತರೆ ಚಳವಳಿ ಆಗುವುದಿಲ್ಲ.” ಅವನ ಮಾತನ್ನು ತಳ್ಳಿಹಾಕುವಂತಿಲ್ಲ. 1895ರಲ್ಲಿ ಅಮೆರಿಕದ ಕಪ್ಪು ಹೆಣ್ಣುಮಗಳು ಐಡಾ ಬಿ. ವೆಲ್ಸ್, ಬಿಳಿಯರು ಗುಂಪುಗೂಡಿ ಕೊಂದ ಕಪ್ಪು ಜನರ ಪಟ್ಟಿಯನ್ನು ಬಿಳಿಯರ ಪತ್ರಿಕೆಯ ಲೆಕ್ಕದಿಂದಲೇ ತೆಗೆದು ಅಚ್ಚು ಹಾಕಿದಳು. ನಿಮ್ಮದೇ ಲೆಕ್ಕ, ಸುಳ್ಳೆನ್ನಿ ನೋಡೋಣ ಎಂದಳು. ಆ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಅವಳು ಅಚ್ಚು ಹಾಕಿದ್ದು ಸತ್ತವರ ಹೆಸರು. ನಮ್ಮ ಹುಡುಗ ಬದುಕಿದ್ದಾನೆ. ನಾಳೆ ಅದೇ ಅಂಗಡಿಯಲ್ಲಿ ಅಕ್ಕಿ ತರಬೇಕು, ಅದೇ ಗುತ್ತೇದಾರನ ಮುಂದೆ ನಿಲ್ಲಬೇಕು, ಹೆಣ್ಣು ಕೇಳಲು ಹೋಗಬೇಕು. ಅದೇ ಅಮೆರಿಕದಲ್ಲಿ ಇವತ್ತು ದಸ್ತಗಿರಿಯ ದಾಖಲೆ ಬಹಳ ಕಡೆ ಎಲ್ಲರಿಗೂ ತೆರೆದ ಪುಸ್ತಕ. ಅದರಿಂದ ಏನಾಯಿತು? ಹಿಡಿಸಿಕೊಂಡವರ ಮುಖದ ಚಿತ್ರಗಳನ್ನು ಕಂಪನಿಗಳು ಜಾಲದಲ್ಲಿ ಹಾಕಿ, ತೆಗೆಯಬೇಕಾದರೆ ದುಡ್ಡು ಕೊಡು ಎಂದು ಪೀಡಿಸಿದವು. ಕೆಲವು ರಾಜ್ಯಗಳು ಆಮೇಲೆ ಅದನ್ನು ತಡೆಯುವ ಕಾನೂನು ಮಾಡಬೇಕಾಯಿತು. ಕೋರ್ಟು ಬಿಟ್ಟವನನ್ನೂ ಪುಸ್ತಕ ಬಿಡಲಿಲ್ಲ.

ನಮ್ಮಲ್ಲಿಯೂ ಹಿಡಿಸಿಕೊಂಡವನೆಂದರೆ ಅಪರಾಧಿ ಎಂದೇ ಊರಿನ ತೀರ್ಮಾನ. 2022ರ ಸರ್ಕಾರಿ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿ ಇದ್ದ ನಾಲ್ವರಲ್ಲಿ ಮೂವರು ಇನ್ನೂ ವಿಚಾರಣೆ ಮುಗಿಯದವರು. ಅವರನ್ನು ಕಳ್ಳರು ಎನ್ನಲು ಯಾರಿಗೂ ಹಕ್ಕಿಲ್ಲ. ಆದರೂ ಎಲ್ಲರೂ ಅನ್ನುತ್ತಾರೆ.

ಜಾತಿಯ ಕಾಲಮ್ಮಿನ ಬಗ್ಗೆಯೂ ಇದೇ ಇಕ್ಕಟ್ಟು. 2024ರ ಅಕ್ಟೋಬರ್ 3ರಂದು ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಜೈಲಿನ ಪುಸ್ತಕಗಳಿಂದ ಜಾತಿಯ ಕಾಲಮ್ಮನ್ನು ಕಿತ್ತುಹಾಕಲು ಹೇಳಿತು. ಅಲ್ಲಿ ಜಾತಿ ನೋಡಿ ಕಸಬರಿಗೆ ಕೊಡುತ್ತಿದ್ದರು, ಜಾತಿ ನೋಡಿ ಅಡಿಗೆಮನೆಗೆ ಕಳಿಸುತ್ತಿದ್ದರು. ತೀರ್ಪು ಓದಿ ನಾವು ಕುಣಿದೆವು. ಕುಣಿದು ಕೂತ ಮೇಲೆ ತಲೆ ಕೆರೆದುಕೊಂಡೆವು: ಜಾತಿ ಬರೆಯದಿದ್ದರೆ ನಮ್ಮವರನ್ನೇ ಹೆಚ್ಚು ಹಿಡಿಯುತ್ತಾರೆಂದು ತೋರಿಸುವುದು ಹೇಗೆ? ನಮ್ಮ ಉತ್ತರ ಇಷ್ಟೇ: ಎಣಿಸಲು ಜಾತಿ ಬೇಕು, ಕಸಬರಿಗೆ ಹಂಚಲು ಬೇಡ. ಎಣಿಕೆಗೆ ಹೆಸರು ಬೇಕಾಗಿಲ್ಲ. ಆದ್ದರಿಂದ ಗೆಳೆಯನಿಗೆ ಹೇಳಿದೆವು: ಠಾಣೆಯಿಂದ ಸಂಖ್ಯೆ ಕೇಳು. ಎಷ್ಟು ಮಂದಿಯನ್ನು ಹಿಡಿದಿರಿ, ಎಷ್ಟು ಮೆಮೊದಲ್ಲಿ ಮನೆಯವರ ಸಹಿ ಇದೆ, ಎಷ್ಟರಲ್ಲಿ ‘ಗೌರವಾನ್ವಿತ’ರ ಸಹಿ ಇದೆ, ಹಿಡಿದ ಅಧಿಕಾರಿ ಯಾರು. ಅಧಿಕಾರಿಯ ಹೆಸರು ಕೇಳು, ಅವನು ಸಂಬಳ ತಗೊಂಡು ಮಾಡಿದ ಕೆಲಸ ಅದು. ಹಿಡಿಸಿಕೊಂಡವನ ಹೆಸರು ಅವನದು. ಅವನು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಮಕ್ಕಳದಂತೂ ಕೇಳಲೇಬೇಡ. ಗೆಳೆಯ ಒಪ್ಪಿಲ್ಲ. ಹೆಸರಿಲ್ಲದ ಸಂಖ್ಯೆಗೆ ಯಾರ ಕಣ್ಣೂ ಒದ್ದೆಯಾಗುವುದಿಲ್ಲ ಅನ್ನುತ್ತಾನೆ. ಅದೂ ಸುಳ್ಳಲ್ಲ. ನಮ್ಮ ನಡುವೆ ಈ ಜಗಳ ಇನ್ನೂ ಇದೆ.

ಕಾಗದವೊಂದೇ ಕಾಯುತ್ತದೆ ಎನ್ನುವ ಹುಚ್ಚೂ ನಮಗಿಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯಲ್ಲಿ ಕೂಡಿಹಾಕಿ ಸುಟ್ಟರು. ದಾಖಲೆಗೇನು ಕಮ್ಮಿ? ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರ ಮರಕುಂಬಿ ಪ್ರಕರಣದಲ್ಲಿ ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಕಾಗದವೂ ಬೇಕು, ಅದರ ಪಕ್ಕದಲ್ಲಿ ಹೆದರದೆ ನಿಲ್ಲುವ ಜನವೂ ಬೇಕು.

ಹೋದ ತಿಂಗಳು ಮತ್ತೆ ತಾಂಡಾಕ್ಕೆ ಹೋಗಿದ್ದೆವು. ಹುಡುಗ ಹೇಳಿದ: “ನನ ಹೆಸರಿಲೆ ಏನೂ ಕೇಳಬ್ಯಾಡ್ರಿ ಅಣ್ಣಾ. ನಾ ಪುಣೆಕ್ಕ ದುಡಿಲಿಕ್ಕಿ ಹೊಂಟೀನಿ.” ನಾವು ಆಯಿತಪ್ಪಾ ಅಂದೆವು. ಒಳಗೊಳಗೆ ಬೇಸರವಾದದ್ದು ನಿಜ. ಎದ್ದು ಹೊರಡುವಾಗ ತಾಯಿ ತಡೆದಳು. “ಅವನದು ಬ್ಯಾಡ. ನಂದು ಕೇಳ್ರಿ.”

“ನಿಂದೇನವ್ವಾ?”

“ನನ ಹೆಬ್ಬಟ್ಟು. ಯಾವ ಕಾಗದದ ಮ್ಯಾಲ ಒತ್ತಿಸ್ಕೊಂಡ್ರೋ ಆ ಕಾಗದ ನನಗ ಬೇಕು. ಬೆರಳು ನಂದು ಹೌದಲ್ಲೊ?”

ಕಾನೂನಿನ ಪುಸ್ತಕ ಹೊತ್ತು ತಿರುಗಿದ ನಮಗೆ ಇದು ಹೊಳೆದಿರಲಿಲ್ಲ. ಮಗನ ದಸ್ತಗಿರಿಯನ್ನು ಮನೆಯವರಿಗೆ ತಿಳಿಸಿದ್ದೇವೆ ಎನ್ನುವ ಕಾಗದ ಅದು; ತಿಳಿಸಿದ ದಿನ, ಗಂಟೆ ಅದರಲ್ಲಿ ಇರಬೇಕು. ಅವಳ ಹೆಸರಿನಲ್ಲೇ ಅರ್ಜಿ ಬರೆದೆವು, ನೂರೈವತ್ತು ಮಾತಿನೊಳಗೆ. ಇಂಥ ದಿನ ನಿಮ್ಮ ಠಾಣೆಯಲ್ಲಿ ನನ್ನ ಹೆಬ್ಬೆಟ್ಟಿನ ಗುರುತು ಪಡೆದ ಎಲ್ಲ ಕಾಗದಗಳ ದೃಢೀಕೃತ ನಕಲು ಕೊಡಬೇಕು ಎಂದು. ಪೋಸ್ಟಲ್ ಆರ್ಡರಿನ ಹತ್ತು ರೂಪಾಯಿಯನ್ನು ಅವಳೇ ಕೊಟ್ಟಳು, ನಮ್ಮ ಕೈಯಿಂದ ಹಾಕಗೊಡಲಿಲ್ಲ. ಇಪ್ಪತ್ತೇಳನೆಯ ದಿನ ಉತ್ತರ ಬಂತು: 8(1)(ಎಚ್), ತನಿಖೆಗೆ ಅಡ್ಡಿ.

ಮೊದಲ ಮೇಲ್ಮನವಿಗೆ 30 ದಿನದ ಗಡುವು. ಅದನ್ನು ಬರೆದುಕೊಂಡು ಮೊನ್ನೆ ಹೋದೆವು. ಮಸಿಯ ಡಬ್ಬಿ ತೆರೆದು ಅವಳ ಮುಂದೆ ಹಿಡಿದರೆ ಕೈ ಹಿಂದಕ್ಕೆ ತಗೊಂಡಳು. “ಮೊದಲ ಓದ್ರಿ,” ಅಂದಳು. ಕನ್ನಡದಲ್ಲಿ ಓದಿದೆವು. ಸಾಲದು ಅಂದಳು. ನಮ್ಮ ಜೊತೆಗಿದ್ದ ತಾಂಡಾದ ಹುಡುಗಿ, ಪಿಯುಸಿ ಓದುವವಳು, ಒಂದೊಂದೇ ಸಾಲನ್ನು ಲಂಬಾಣಿಯಲ್ಲಿ ಹೇಳಿದಳು. ಪೂರ್ತಿ ಕೇಳಿದ ಮೇಲೆ ಯಾಡಿ ಬೆರಳು ಮುಂದೆ ಮಾಡಿದಳು.